ಎರಡೂ ಬೇಡ ಅಂದವರು

ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು
೧೦ ಜೂನ್ ೨೦೨೪

ಚೈತನ್ಯ ಸರ್ ಅವರಿಗೆ ನಮಸ್ಕಾರ.

ನಾನು ಧನಶ್ರೀ, ಕೋಲಾರ ಜಿಲ್ಲೆಯ ಪಶು ಆಹಾರ ಸರ್ವೆಯ ಸೂಪರ್‌ವೈಸರ್. ವಾರಕ್ಕೊಮ್ಮೆ ಕಾರ್ಡಿನ ಕಟ್ಟು ಪುಣೆಗೆ ಕಳಿಸುವಾಗ ಜೊತೆಗೊಂದು ಪತ್ರವಿರಲಿ, ಊರಲ್ಲಿ ಕಂಡದ್ದನ್ನು ಕನ್ನಡದಲ್ಲೇ ಬರೆಯಿರಿ ಎಂದು ತರಬೇತಿಯ ದಿನ ವಿಡಿಯೋದಲ್ಲಿ ನೀವು ಹೇಳಿದ್ದಿರಿ. ಒಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಸೋಪು, ಟೀ ಪುಡಿ, ಮೊಬೈಲ್ ಸಿಮ್ಮು, ಎಲ್ಲದಕ್ಕೂ ಮನೆ ಮನೆ ತಿರುಗಿದ್ದೇನೆ. ನಿನಗೇನು ಕಂಡಿತು ಎಂದು ಕೇಳಿದವರು ನೀವೇ ಮೊದಲು.

ನಾವು ಆರು ಜನ ಹೆಂಗಸರು. ಹೊಸಬಳೆಂದರೆ ಮೇಘನ ಮಾತ್ರ, ಉಳಿದವರು ನನ್ನ ಜೊತೆ ಹಳಬರು. ಮೊದಲ ವಾರ ವಕ್ಕಲೇರಿ ಕಡೆ ನಲವತ್ತು ಮನೆ ಮುಗಿದಿವೆ. ಹಸುವಿಗೆ ಮೇವು ಹಾಕುವವರು ಯಾರೋ ಅವರನ್ನೇ ಕೇಳಬೇಕು ಎಂಬ ನಿಮ್ಮ ನಿಯಮದಿಂದ ಒಳ್ಳೆಯದಾಯಿತು. ಗಂಡಸರು ಜಗುಲಿಯ ಮೇಲೆ ಕೂತು ಉತ್ತರ ಹೇಳುವುದು ತಪ್ಪಿತು. ಈಗ ಮಾವಿನ ಕಾಲ. ಮನೆಯಲ್ಲಿ ಅರ್ಧ ಜನ ಮಂಡಿಯಲ್ಲಿದ್ದಾರೆ. ಹೆಂಗಸರು ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಸಿಗುತ್ತಾರೆ.

ಒಂದು ವಿಷಯ ಕೇಳಬೇಕು. ಒಬ್ಬೊಬ್ಬರಿಗೆ ಎಂಟು ಕಾರ್ಡು ತೋರಿಸುತ್ತೇವೆ. ಪ್ರತಿ ಕಾರ್ಡಿನಲ್ಲೂ ಎರಡು ಮೂಟೆಯ ಚಿತ್ರ. ಎರಡರಲ್ಲಿ ಒಂದಕ್ಕೆ ಗುರುತು ಹಾಕಿಸಬೇಕು. ಬೈರಮ್ಮ ಎಂಬ ಅಜ್ಜಿ ಎಂಟು ಕಾರ್ಡನ್ನೂ ನೋಡಿ, "ಎರಡೂ ಬ್ಯಾಡ ಕಣಮ್ಮ, ಎತ್ತಿಕೋ" ಎಂದರು. ಮೇಘನ ಬಿಡಲಿಲ್ಲ. "ಯಾವುದಾದ್ರೂ ಒಂದು ಹೇಳಜ್ಜಿ, ಸುಮ್ನೆ" ಎಂದಳು. "ಸುಮ್ನೆ ಹೇಳೋಕೆ ನಾನೇನ್ ಸುಮ್ನೆ ಕೂತಿದೀನಾ?" ಎಂದು ಅಜ್ಜಿ ಕಸಬರಿಕೆ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಆಮೇಲೆ ಕಾಡಿ ಬೇಡಿ ಗುರುತು ಹಾಕಿಸಿದ್ದಾಳೆ. ಇಂಥವರು ಇನ್ನೂ ಸಿಗುತ್ತಾರೆ. ಏನು ಮಾಡಲಿ?

ಇಂತಿ,
ಧನಶ್ರೀ


ಪುಣೆ
೧೭ ಜೂನ್ ೨೦೨೪

ಧನಶ್ರೀ ಅವರಿಗೆ,

ಪತ್ರ ಚೆನ್ನಾಗಿತ್ತು. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಕೈಬರಹದ ಕನ್ನಡ ನೋಡಿ ಬಹಳ ದಿನವಾಗಿತ್ತು.

ಒಂದನ್ನೇ ಏಕೆ ಆರಿಸಬೇಕು ಎಂಬುದನ್ನು ವಿವರಿಸುತ್ತೇನೆ. ತಿಳಿದರೆ ನಿಮ್ಮ ತಂಡಕ್ಕೂ ಹುರುಪು ಬರುತ್ತದೆ. ಮೂಟೆಯ ತೂಕ ನಾಲ್ಕು ಬಗೆ, ಬೆಲೆ ನಾಲ್ಕು ಬಗೆ, ಖನಿಜದ ಮಿಶ್ರಣ ಮೂರು, ಸಿಗುವ ಜಾಗ ಮೂರು. ಮತ್ತೆ ಪುಡಿಯೋ ಗುಳಿಗೆಯೋ, ಮನೆಗೆ ತಂದುಕೊಡುತ್ತಾರೋ ಇಲ್ಲವೋ. ಇವನ್ನೆಲ್ಲ ಬೆರೆಸಿದರೆ ಐನೂರ ಎಪ್ಪತ್ತಾರು ತರಹದ ಮೂಟೆಗಳಾಗುತ್ತವೆ. ಅವನ್ನು ಎರಡೆರಡಾಗಿ ಜೋಡಿಸಿದರೆ ಒಂದು ಲಕ್ಷ ಅರವತ್ತೈದು ಸಾವಿರದ ಆರುನೂರು ಜೋಡಿ. ಇಷ್ಟನ್ನೂ ಕೇಳಲು ನಿಮ್ಮ ಜಿಲ್ಲೆಯ ಹಸುಗಳೇ ಸಾಲುವುದಿಲ್ಲ! ನಾನು ಎರಡು ತಿಂಗಳು ಕೂತು ಅದರಿಂದ ನಲವತ್ತೆಂಟು ಜೋಡಿ ಹೆಕ್ಕಿದ್ದೇನೆ. ತೂಕದ ಪ್ರಭಾವ ಎಷ್ಟು, ಬೆಲೆಯದು ಎಷ್ಟು ಎಂದು ಬೇರೆ ಬೇರೆಯಾಗಿ ಬಿಡಿಸಿ ನೋಡಲು ಆ ನಲವತ್ತೆಂಟು ಸಾಕು. ಅವನ್ನು ಎಂಟೆಂಟರ ಆರು ಕಟ್ಟು ಮಾಡಿದ್ದೇನೆ. ಒಂದು ಮನೆಗೆ ಒಂದು ಕಟ್ಟು, ಒಟ್ಟು ಸಾವಿರದ ಇನ್ನೂರು ಮನೆ. ಇಷ್ಟು ಕಡಿಮೆ ಕೇಳಿ ಇಷ್ಟು ಹೆಚ್ಚು ತಿಳಿಯುವ ವಿನ್ಯಾಸವನ್ನು ನಮ್ಮ ಸಂಸ್ಥೆಯಲ್ಲಿ ಈವರೆಗೆ ಯಾರೂ ಮಾಡಿಲ್ಲ.

ಆದರೆ ಪ್ರತಿ ಕಾರ್ಡೂ ಉತ್ತರ ಕೊಡಬೇಕು. ಎರಡೂ ಬೇಡ ಎಂದರೆ ಆ ಕಾರ್ಡಿನಿಂದ ನನಗೆ ಏನೂ ತಿಳಿಯುವುದಿಲ್ಲ, ವಿನ್ಯಾಸ ಸೋರಿಹೋಗುತ್ತದೆ. ಅದು ಹೆಚ್ಚಾಗಿ ಸೋಮಾರಿತನದ ಉತ್ತರ. ಕೇಳುವವರು ಅವಸರ ಮಾಡಿದಾಗ ಬರುತ್ತದೆ. ಹೊಸ ಹುಡುಗಿಯ ಮೇಲೆ ಸ್ವಲ್ಪ ಕಣ್ಣಿಡಿ.

ಚೈತನ್ಯ


ಮುಳಬಾಗಿಲು
೨೮ ಜೂನ್ ೨೦೨೪

ಚೈತನ್ಯ ಸರ್ ಅವರಿಗೆ,

ನಿಮ್ಮ ಪತ್ರವನ್ನು ಎಲ್ಲರಿಗೂ ಓದಿ ಹೇಳಿದೆ. ಲಕ್ಷದಿಂದ ನಲವತ್ತೆಂಟಕ್ಕೆ ಇಳಿಸಿದ್ದನ್ನು ಕೇಳಿ ಮೇಘನ ಬಾಯಿ ತೆರೆದುಕೊಂಡು ಕೂತಿದ್ದಳು. ಸೋಮಾರಿತನದ ಮಾತನ್ನು ಮಾತ್ರ ಓದದೆ ಬಿಟ್ಟೆ.

ಈ ವಾರ ಮುಳಬಾಗಿಲಿನ ಗಡಿ ಕಡೆಯ ಊರುಗಳು. ಒಂದು ಮಾತು ಕನ್ನಡ, ಎರಡು ಮಾತು ತೆಲುಗು. ಅಕ್ಕಯಮ್ಮ ಎಂಬುವರಿಗೆ ಐದು ಹಸು. ಕಲಗಚ್ಚಿನ ಬಾನಿಗೆ ಬೂಸಾ ಸುರಿಯುತ್ತ ನಿಂತಿದ್ದರು. ಕೈ ಒರೆಸಿಕೊಂಡು ಕಾರ್ಡುಗಳನ್ನು ಬೆಳಕಿಗೆ ಹಿಡಿದು ಒಂದೊಂದನ್ನೂ ಎರಡೆರಡು ಸಲ ಓದಿಸಿಕೊಂಡರು. ಎಂಟಕ್ಕೆ ಅರ್ಧ ಗಂಟೆಯೇ ಹಿಡಿಯಿತು. ಕೊನೆಗೆ ನಕ್ಕು, "ವದ್ದಮ್ಮಾ, ರೆಂಡೂ ವದ್ದು" ಎಂದರು. ಎರಡೂ ಬೇಡವಂತೆ. ನಾನು "ಬೆಲೆ ಜಾಸ್ತಿ ಆಯ್ತಾ ಅಕ್ಕಾ?" ಎಂದೆ. "ಬೆಲೆ ಮಾತು ಆಮೇಲೆ ಕಣಮ್ಮ. ಮೂಟೆ ಒಳ್ಳೇದೇ ಇರ್ಬೋದು. ಕೆಳಗಡೆ ಬರ್ದಿದೀರಲ್ಲ, ಅದು ಬ್ಯಾಡ" ಎಂದರು.

ಅವರನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕಟ್ಟುಗಳನ್ನು ಕಳಿಸಿದ್ದೇನೆ. ಎಲ್ಲ ಕಾರ್ಡಿನಲ್ಲೂ ಉತ್ತರ ಇದೆ.

ಧನಶ್ರೀ


ಪುಣೆ
೮ ಜುಲೈ ೨೦೨೪

ಧನಶ್ರೀ ಅವರಿಗೆ,

ವಾರವಾರ ಬಂದು ಬಿದ್ದಿದ್ದ ಕಟ್ಟುಗಳನ್ನು ಇಂದು ಬೆಳಗ್ಗೆ ಒಟ್ಟಿಗೆ ಬಿಚ್ಚಿ ಬೆಚ್ಚಿಬಿದ್ದೆ. ಕಾರ್ಡುಗಳಲ್ಲಿ ಎರಡು ಮೂಟೆಗಳ ಪಕ್ಕ ಪೆನ್ಸಿಲಿನಿಂದ ಮೂರನೆಯ ಚೌಕ ಎಳೆಯಲಾಗಿದೆ. ಅಡಿಪಟ್ಟಿ ಇಟ್ಟು ಎಳೆದ ಗೆರೆ. ಅದರ ಕೆಳಗೆ 'ಎರಡೂ ಬೇಡ' ಎಂದು ಬರೆದಿದೆ. ಅರ್ಧಕ್ಕಿಂತ ಹೆಚ್ಚು ಕಾರ್ಡುಗಳಲ್ಲಿ ಗುರುತು ಬಿದ್ದಿರುವುದು ಆ ಚೌಕದಲ್ಲೇ!

ಇದು ಏನು ಎಂದು ನಿಮಗೆ ಗೊತ್ತೇ? ಅಚ್ಚಾದ ಪ್ರಶ್ನೆಯನ್ನು ತಿದ್ದುವುದು ಉತ್ತರವನ್ನು ಸುಳ್ಳು ಮಾಡಿದಂತೆ. ಮೊದಲು ಕಣ್ಣಿಗೆ ಬಿದ್ದ ಕಟ್ಟು ಮೇಘನಳದು. ಅವಳನ್ನು ಕೆಲಸದಿಂದ ತೆಗೆಯಲು ಕೋಲಾರದ ಮ್ಯಾನೇಜರ್ ಅರುಣ್‌ಕುಮಾರ್ ಅವರಿಗೆ ಬರೆಯುತ್ತಿದ್ದೇನೆ. ಕಣ್ಣಿಡಿ ಎಂದು ಹೇಳಿದ್ದೆ. ನೀವು ಇಡಲಿಲ್ಲ. 'ಎಲ್ಲ ಕಾರ್ಡಿನಲ್ಲೂ ಉತ್ತರ ಇದೆ' ಎಂದು ಬರೆದಿರಿ. ಆ ವಾಕ್ಯವನ್ನು ಈಗ ಮತ್ತೆ ಓದಿದೆ.

ಚೈತನ್ಯ


ಯಲ್ದೂರು
೧೩ ಜುಲೈ ೨೦೨೪

ಚೈತನ್ಯ ಅವರಿಗೆ,

ಮೇಘನಳನ್ನು ಬಿಡಿ. ಗೆರೆ ಎಳೆದವಳು ನಾನು. ಎರಡನೆಯ ವಾರದಿಂದ ಒಂದು ಕಾರ್ಡನ್ನೂ ಬಿಡದೆ, ಮನೆಯಲ್ಲಿ ಕೂತು, ಅಡಿಪಟ್ಟಿ ಇಟ್ಟು ಎಳೆದಿದ್ದೇನೆ. ಏನು ಮಾಡಬೇಕೆಂದು ಕಳೆದ ತಿಂಗಳು ನಿಮ್ಮನ್ನು ಕೇಳಿದ್ದೆ. ನಿಮ್ಮ ಉತ್ತರ ಬರುವ ಹೊತ್ತಿಗಾಗಲೇ ನೂರು ಮನೆಯಲ್ಲಿ ಆ ಚೌಕ ತೋರಿಸಿಯಾಗಿತ್ತು. ಅದನ್ನು ಮುಚ್ಚಿಟ್ಟದ್ದು ತಪ್ಪು, ಒಪ್ಪುತ್ತೇನೆ. ಗೆರೆ ಎಳೆದದ್ದು ತಪ್ಪಲ್ಲ.

ಈಗ ನೀವು ಒಂದು ಕೆಲಸ ಮಾಡಿ. ನಿಮ್ಮ ನಲವತ್ತೆಂಟು ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿ. ತೂಕ ಬದಲಾಗುತ್ತದೆ, ಬೆಲೆ ಬದಲಾಗುತ್ತದೆ, ಪುಡಿ ಹೋಗಿ ಗುಳಿಗೆ ಬರುತ್ತದೆ. ಕೆಳಗಿನ ಸಣ್ಣಕ್ಷರದ ಸಾಲು ಒಂದರಲ್ಲಾದರೂ ಬದಲಾಗಿದೆಯೇ? 'ಈ ಆಹಾರ ಕೊಳ್ಳುವವರು ಹಾಲನ್ನು ಕಂಪನಿಯ ಕೇಂದ್ರಕ್ಕೇ ಹಾಕಬೇಕು.' ನಿಮ್ಮ ಲೆಕ್ಕ ಬದಲಾಗುವುದನ್ನು ಮಾತ್ರ ನೋಡುತ್ತದೆ. ನಮ್ಮ ಹೆಂಗಸರು ಬದಲಾಗದ ಸಾಲನ್ನು ಓದುತ್ತಿದ್ದಾರೆ. ಊರ ಡೈರಿ ಬಿಡಬೇಕು ಎಂಬುದಕ್ಕೆ ಅವರು ಬೇಡ ಎನ್ನುತ್ತಿದ್ದಾರೆ. ಆ ಬೇಡವನ್ನು ಹೇಳಲು ನೀವು ಎಲ್ಲಿ ಜಾಗ ಬಿಟ್ಟಿದ್ದೀರಿ? ಎರಡರಲ್ಲಿ ಒಂದಕ್ಕೆ ಗುರುತು ಹಾಕಿಸಿದರೆ ನಾಳೆ ನಿಮ್ಮ ವರದಿ ಏನು ಹೇಳುತ್ತದೆ? ಕೋಲಾರದ ಹೆಂಗಸರಿಗೆ ಇಪ್ಪತ್ತೈದು ಕೆ.ಜಿ. ಮೂಟೆ ಇಷ್ಟ ಎನ್ನುತ್ತದೆ. ಸರ್ವೆ ಮಾಡಿಸುತ್ತಿರುವ ಕಂಪನಿ ಮೂಟೆಯ ಜೊತೆಗೆ ಹಾಲಿನ ಕೇಂದ್ರವನ್ನೂ ತಂದು ಇಳಿಸುತ್ತದೆ. ನೀವೇ ಆರಿಸಿದ್ದಲ್ಲವೇ ಎನ್ನುತ್ತದೆ.

ಅವರು ಆರಿಸಿಲ್ಲ. ಆರಿಸಿದ್ದಾರೆಂದು ನಾನು ಬರೆದುಕೊಡುವುದಿಲ್ಲ. ಕೆಲಸದಿಂದ ತೆಗೆಯುವುದಾದರೆ ನನ್ನನ್ನು ತೆಗೆಯಿರಿ.

ಧನಶ್ರೀ


ಪುಣೆ
೯ ಆಗಸ್ಟ್ ೨೦೨೪

ಧನಶ್ರೀ ಅವರೇ,

ನಾಲ್ಕು ವಾರ ಉತ್ತರಿಸಲಿಲ್ಲ. ನಿಮ್ಮ ಮೇಲೆ ಕೋಪವಿದೆ ಎಂದು ನೀವು ತಿಳಿದಿರಬಹುದು. ಕೋಪ ಎರಡೇ ದಿನ ಇತ್ತು. ಮೂರನೆಯ ದಿನ ನೀವು ಹೇಳಿದಂತೆ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದೆ. ಮೇಘನಳ ವಿಷಯ ಅರುಣ್‌ಕುಮಾರ್ ಅವರಿಗೆ ಬರೆದದ್ದನ್ನು ಅಂದೇ ಹಿಂತೆಗೆದುಕೊಂಡೆ.

ಎಲ್ಲದರಲ್ಲೂ ಒಂದೇ ಆಗಿರುವುದನ್ನು ನನ್ನ ಲೆಕ್ಕ ಕಾಣುವುದೇ ಇಲ್ಲ. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ನಿಮಗೆ ಹೇಳದೆ ಬಿಟ್ಟದ್ದು ಒಂದಿದೆ. ನನ್ನ ಮೊದಲ ಕರಡಿನಲ್ಲಿ ಮೂರನೆಯ ಚೌಕ ಇತ್ತು. ನಮ್ಮ ನಿರ್ದೇಶಕರು ಅದನ್ನು ನೋಡಿ, ಜನ ಬೇಡ ಎನ್ನಲು ಶುರು ಮಾಡಿದರೆ ಎರಡರಷ್ಟು ಮನೆ ಬೇಕಾಗುತ್ತದೆ, ತೆಗೆದುಬಿಡಿ ಎಂದರು. ವಿನ್ಯಾಸ ಚೊಕ್ಕಟವಾಗುತ್ತದೆ ಎಂಬ ಆಸೆ ನನಗೂ ಇತ್ತು. ತೆಗೆದೆ. ಆಮೇಲೆ ನಿಮಗೆ ಸೋಮಾರಿತನದ ಪಾಠ ಹೇಳಿದೆ.

ಈಗ ಕೆಟ್ಟ ಸುದ್ದಿ. ಆರುನೂರ ನಲವತ್ತು ಮನೆಗೆ ಸರ್ವೆ ನಿಲ್ಲಿಸಿದ್ದಾರೆ. ಚೌಕವಿರುವ ಆರುನೂರು ಮನೆಯ ಕಾರ್ಡುಗಳನ್ನೂ ಕೋಲಾರಕ್ಕೆ ವಾಪಸ್ ಕಳಿಸಿದ್ದಾರೆ. ಕೇಳಿದವರೇ ಪೆನ್ಸಿಲ್ ಗುರುತು ಅಳಿಸಿ, ಎರಡರಲ್ಲಿ ಒಂದಕ್ಕೆ ಗುರುತು ಹಾಕಿ, 'ಸರಿಪಡಿಸಿದೆ' ಎಂದು ಸಹಿ ಮಾಡಿಕೊಡಬೇಕಂತೆ. ಅರುಣ್‌ಕುಮಾರ್ ನಿಮ್ಮಲ್ಲಿಗೆ ಬರುತ್ತಾರೆ. ಈ ನಿರ್ಧಾರವಾದಾಗ ನಾನು ಅದೇ ಕೋಣೆಯಲ್ಲಿದ್ದೆ. ಬಾಯಿ ಬಿಡಲಿಲ್ಲ.

ಈ ಪತ್ರದ ಮೇಲೆ ನನ್ನ ಮನೆಯ ವಿಳಾಸ ಬರೆದಿದ್ದೇನೆ.

ಚೈತನ್ಯ


ಶ್ರೀನಿವಾಸಪುರ
೧೭ ಆಗಸ್ಟ್ ೨೦೨೪

ಚೈತನ್ಯ ಅವರೇ,

ಅರುಣ್‌ಕುಮಾರ್ ಬಂದಿದ್ದರು. ಬಸ್ ಸ್ಟ್ಯಾಂಡ್ ಪಕ್ಕದ ನಮ್ಮ ಬಾಡಿಗೆ ರೂಮಿನಲ್ಲಿ ಕಟ್ಟುಗಳನ್ನು ಇಳಿಸಿದರು. ಜೊತೆಗೆ ಎರಡು ಡಬ್ಬಿ ರಬ್ಬರು. ಶಾಲೆಯ ಮಕ್ಕಳಿಗೆ ಹಂಚುವಂತೆ ಒಬ್ಬೊಬ್ಬರ ಮುಂದೆಯೂ ಎರಡೆರಡು ಇಟ್ಟರು.

"ನೋಡ್ರಮ್ಮಾ, ಕೇಸು ಗೀಸು ಏನೂ ಇಲ್ಲ. ಮೂರು ದಿನ ಟೈಮು. ಅಳ್ಸಿ, ಟಿಕ್ ಹಾಕಿ, ಸೈನ್ ಹಾಕ್ಬಿಡಿ. ಮುಂದಿನ್ ಸರ್ವೆ ಕೂಡ ನಿಮಗೇ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮೇಘನ ಕೇಳಿದಳು, "ಯಾವುದಕ್ಕೆ ಟಿಕ್ ಹಾಕ್ಬೇಕು ಸರ್?"

"ಯಾವುದಕ್ಕಾದ್ರೂ ಹಾಕಮ್ಮ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ."

"ಹಂಗಾದ್ರೆ ಆ ಬಿಸಿಲಲ್ಲಿ ಮಾಲೂರು, ಮುಳಬಾಗಿಲು ಅಂತ ನಾವ್ಯಾಕೆ ತಿರುಗಿದ್ವಿ? ನೀವೇ ಕೋಲಾರದಲ್ಲಿ ಕೂತ್ಕೊಂಡು ಹಾಕ್ಕೋಬೋದಿತ್ತಲ್ಲ?"

ಅವಳಿಗೆ ಇಪ್ಪತ್ತೆರಡು ವರ್ಷ ಸರ್. ನೀವು ಕಣ್ಣಿಡಿ ಎಂದ ಹುಡುಗಿ. ಆರು ಜನರೂ ರಬ್ಬರನ್ನು ಮುಟ್ಟಲಿಲ್ಲ. "ಹಂಗಾದ್ರೆ ನಾಳೆಯಿಂದ ನಿಮಗೆ ಕೆಲಸ ಇಲ್ಲ" ಎಂದು ಅವರು ಎದ್ದರು. ಆದರೂ ಕಟ್ಟುಗಳನ್ನು ಬಿಟ್ಟು ಹೋದರು. ಮೂರು ದಿನದಲ್ಲಿ ಹೆದರಿ ದಾರಿಗೆ ಬರುತ್ತೇವೆ ಎಂದುಕೊಂಡಿರಬೇಕು.

ಆ ಮೂರು ದಿನ ಮುಗಿದಿವೆ. ದಿನಕ್ಕೆ ನಾಲ್ಕು ಸಲ ಫೋನ್ ಬರುತ್ತಿದೆ, ಪೊಲೀಸ್ ಕಂಪ್ಲೇಂಟ್ ಎನ್ನುತ್ತಿದ್ದಾರೆ. ನಾವು ಕಟ್ಟುಗಳನ್ನು ತೆಗೆದುಕೊಂಡು ಮತ್ತೆ ಅದೇ ಮನೆಗಳಿಗೆ ಹೊರಟಿದ್ದೇವೆ. ಪೆನ್ಸಿಲ್ ಗುರುತಿನ ಮೇಲೆ ಅವರವರ ಕೈಯಿಂದಲೇ ಪೆನ್ನಿನ ಗುರುತು ಹಾಕಿಸುತ್ತಿದ್ದೇವೆ. ಮನಸ್ಸು ಬದಲಾಗಿದ್ದರೆ ಮೂಟೆಗೇ ಹಾಕಲಿ, ಅದನ್ನೂ ಹಾಗೇ ತರಬೇಕು ಎಂದು ಹೇಳಿದ್ದೇನೆ. ಹೆಸರು ಬರೆಸುತ್ತಿಲ್ಲ. ಶಾಯಿ ಬಿದ್ದ ಮೇಲೆ ರಬ್ಬರು ತಿಕ್ಕಿದರೆ ಕಾಗದ ಹರಿಯುತ್ತದೆಯೇ ಹೊರತು ಉತ್ತರ ಹೋಗುವುದಿಲ್ಲ.

ವೇಮಗಲ್ ಹತ್ತಿರದ ಒಂದು ಊರಿನಲ್ಲಿ ಸೊಣ್ಣಪ್ಪ ಎಂಬುವರು ಹೆಂಡತಿಯ ಕೈಯಿಂದ ಪೆನ್ನು ಕಿತ್ತುಕೊಂಡು, "ಲೇ, ಕಂಪನಿ ಜೊತೆ ನಮಗ್ಯಾಕೆ ಜಗಳ" ಎಂದರಂತೆ. ಆಕೆ ಪೆನ್ನನ್ನು ವಾಪಸ್ ತೆಗೆದುಕೊಂಡು, "ಹಾಲು ಕರೆಯೋಳು ನಾನು, ಗುರುತು ಹಾಕೋಳೂ ನಾನೇ. ನಿಂದೇನಿದೆ ಇದ್ರಲ್ಲಿ?" ಎಂದು ಎಂಟಕ್ಕೂ ಹಾಕಿದರಂತೆ. ಇದನ್ನು ಮೇಘನ ಬಂದು ಹೇಳಿದಳು. ಈ ಸಲ ನಾನು ಯಾವ ಮನೆಗೂ ಹೋಗುತ್ತಿಲ್ಲ. ರೂಮಿನಲ್ಲಿ ಕೂತು ಕಾರ್ಡು ಎಣಿಸುತ್ತೇನೆ. ಕಾರಣ ಕೇಳಬೇಡಿ.

ಮುಗಿದ ಮೇಲೆ ಎಲ್ಲವೂ ನಿಮ್ಮ ಮನೆಗೆ ಬರುತ್ತವೆ. ಆಮೇಲೆ ಏನು ಮಾಡುತ್ತೀರೋ ನೀವೇ ನೋಡಿ.

ಧನಶ್ರೀ


ಪುಣೆ
೧೨ ಅಕ್ಟೋಬರ್ ೨೦೨೪

ಧನಶ್ರೀ ಅವರೇ,

ಆರು ರಟ್ಟಿನ ಪೆಟ್ಟಿಗೆಗಳು ತಲುಪಿದವು. ಆರುನೂರರಲ್ಲಿ ಐನೂರ ಎಪ್ಪತ್ತೊಂದು ಮನೆಯ ಕಾರ್ಡುಗಳ ಮೇಲೆ ಶಾಯಿ ಇದೆ. ಹನ್ನೊಂದು ಮನೆಯವರು ಮನಸ್ಸು ಬದಲಿಸಿ ಮೂಟೆಗೆ ಗುರುತು ಹಾಕಿದ್ದಾರೆ, ಅವನ್ನೂ ಹಾಗೇ ಕಳಿಸಿದ್ದೀರಿ. ಆ ಹನ್ನೊಂದನ್ನು ಕಂಡಾಗ ಉಳಿದವೆಲ್ಲ ನಿಜ ಎಂದು ನನಗೆ ಖಾತ್ರಿಯಾಯಿತು. ನೀವು ಮನೆಗಳಿಗೆ ಹೋಗದೆ ಇದ್ದದ್ದು ಪೊಲೀಸರ ಹೆದರಿಕೆಯಿಂದ ಎಂದುಕೊಂಡಿದ್ದೆ. ಅದಲ್ಲವೆಂದು ಮೊನ್ನೆಯಷ್ಟೇ ತಿಳಿಯಿತು. ಕ್ಷಮಿಸಿ.

ಮೊನ್ನೆ ಕಂಪನಿಯವರ ಮುಂದೆ ವರದಿ ಒಪ್ಪಿಸುವ ದಿನ. ನಿರ್ದೇಶಕರು ತಯಾರಿಸಿದ್ದ ಪುಟಗಳಲ್ಲಿ ಎರಡೇ ಮೂಟೆ ಇದ್ದವು. ನನ್ನ ಸರದಿ ಬಂದಾಗ ಒಂದು ಪೆಟ್ಟಿಗೆ ಎತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. ನಾಲ್ಕು ಸಾವಿರದ ಎಂಟುನೂರು ಕಾರ್ಡುಗಳಲ್ಲಿ ಎರಡು ಸಾವಿರದ ಆರುನೂರ ನಲವತ್ತಮೂರರಲ್ಲಿ ಉತ್ತರ 'ಎರಡೂ ಬೇಡ', ನೂರಕ್ಕೆ ಐವತ್ತೈದು ಎಂದೆ. ಕಾರಣ ಕೆಳಗಿನ ಸಾಲು ಇರಬೇಕು, ಅದನ್ನು ನಾವು ಅಳೆಯದಂತೆ ನಾನೇ ವಿನ್ಯಾಸ ಮಾಡಿದ್ದೆ ಎಂದೂ ಹೇಳಿದೆ.

ಆಗ ನಿರ್ದೇಶಕರು ಅರುಣ್‌ಕುಮಾರ್ ಕೊಟ್ಟ ಒಂದು ಚೀಟಿ ತೆಗೆದರು. "ಆ ಸೂಪರ್‌ವೈಸರ್ ತಾಯಿ ಶಾಮಲಮ್ಮ ಯಲ್ದೂರು ಡೈರಿಯ ಸೆಕ್ರೆಟರಿ. ಗೊತ್ತಿತ್ತೇ ನಿಮಗೆ?"

ನನಗೆ ಗೊತ್ತಿರಲಿಲ್ಲ ಧನಶ್ರೀ. ಅಷ್ಟು ಜನರ ಮುಂದೆ ಬೇರೆಯವರ ಬಾಯಿಂದ ಕೇಳಿದೆ. ಹತ್ತು ನಿಮಿಷ ಸಮಯ ಕೇಳಿದೆ. ಆ ಆರುನೂರರಲ್ಲಿ ಯಲ್ದೂರಿನವೇ ಆದ ನಲವತ್ತು ಮನೆಗಳನ್ನು ಪೂರ್ತಿ ತೆಗೆದುಹಾಕಿ ಅಲ್ಲೇ ಮತ್ತೆ ಲೆಕ್ಕ ಹಾಕಿದೆ. ಉಳಿದ ನಾಲ್ಕು ಸಾವಿರದ ನಾನೂರ ಎಂಬತ್ತರಲ್ಲಿ ಎರಡು ಸಾವಿರದ ನಾನೂರ ನಲವತ್ತೊಂದು. ನೂರಕ್ಕೆ ಐವತ್ನಾಲ್ಕು. "ಒಬ್ಬ ತಾಯಿ ಇಷ್ಟು ಊರುಗಳಲ್ಲಿ ಇರಲು ಸಾಧ್ಯವಿಲ್ಲ" ಎಂದೆ.

ಕಂಪನಿಯ ಮುಖ್ಯಸ್ಥೆ ಪೆಟ್ಟಿಗೆಯಿಂದ ಒಂದು ಹಿಡಿ ಕಾರ್ಡು ತೆಗೆದು ಬಹಳ ಹೊತ್ತು ನೋಡಿದರು. ಕೋಲಾರದ ಕೇಂದ್ರಗಳ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಆ ಸಾಲು ಇರುವ ಮತ್ತು ಇಲ್ಲದ ಕಾರ್ಡುಗಳನ್ನು ಮಾಡಿ ಹೊಸದಾಗಿ ಕೇಳಬೇಕಂತೆ. ನಾನು ಆ ಸಂಜೆಯೇ ರಾಜೀನಾಮೆ ಬರೆದುಕೊಟ್ಟೆ. ಅದನ್ನು ಕಂಪನಿಯವರು ಹೇಗೋ ತಿಳಿದು, ಹೊಸ ಅಧ್ಯಯನವನ್ನು ನೇರವಾಗಿ ನನಗೇ ಕೊಡಲು ಮುಂದೆ ಬಂದಿದ್ದಾರೆ. ನಿಮ್ಮ ತಂಡವಿಲ್ಲದೆ ನಾನು ಒಪ್ಪುವುದಿಲ್ಲ.

ಆದರೆ ನನಗೆ ಏಕೆ ಹೇಳಲಿಲ್ಲ?

ಚೈತನ್ಯ


ಯಲ್ದೂರು
೨ ನವೆಂಬರ್ ೨೦೨೪

ಚೈತನ್ಯ ಅವರೇ,

ಹೇಳಿದ್ದರೆ ಜುಲೈನಲ್ಲಿ ನೀವು ಕಾರ್ಡುಗಳನ್ನು ಮೇಜಿನ ಮೇಲೆ ಹರಡುತ್ತಿದ್ದಿರಾ? ಅಮ್ಮನ ಡೈರಿಗಾಗಿ ಮಗಳು ಆಟ ಹೂಡಿದ್ದಾಳೆ ಎಂದು ಕಟ್ಟನ್ನು ಹಾಗೇ ಕಟ್ಟಿಡುತ್ತಿದ್ದಿರಿ. ಬೈರಮ್ಮನ ಬೇಡ, ಅಕ್ಕಯಮ್ಮನ ಬೇಡ, ಎಲ್ಲವನ್ನೂ ಶಾಮಲಮ್ಮನ ತಲೆಗೆ ಕಟ್ಟುತ್ತಿದ್ದಿರಿ. ಅದಕ್ಕೇ ಎರಡನೆಯ ಸಲ ನಾನು ಯಾವ ಮನೆಯ ಹೊಸಿಲನ್ನೂ ತುಳಿಯಲಿಲ್ಲ. ಆದರೂ ಅಷ್ಟು ಜನರ ನಡುವೆ ನೀವು ತಿಳಿಯದೆ ನಿಲ್ಲುವಂತಾಯಿತು. ಅದಕ್ಕೆ ಮನಸ್ಸು ನೋಯುತ್ತದೆ. ಉಳಿದ ಯಾವುದಕ್ಕೂ ಇಲ್ಲ.

ಅಮ್ಮನಿಗೆ ನಿಮ್ಮ ಪತ್ರ ಓದಿದೆ. ಮಗಳ ಕೆಲಸ ಹೋದದ್ದಕ್ಕೆ ಎರಡು ತಿಂಗಳು ನನ್ನನ್ನು ಬೈದವಳು. ತನ್ನ ಊರಿನ ನಲವತ್ತು ಮನೆ ತೆಗೆದುಹಾಕಿದ್ದನ್ನು ಕೇಳಿ, "ತೆಗೆದ್ರೂ ಅಷ್ಟೇ ಬಂತಾ?" ಎಂದು ಮೂರು ಸಲ ಕೇಳಿದಳು. ಆಮೇಲೆ, "ಹಂಗಾದ್ರೆ ತೆಗ್ದದ್ದೇ ಒಳ್ಳೇದಾಯ್ತು ಬಿಡು" ಎಂದಳು.

ಅರುಣ್‌ಕುಮಾರ್ ಹೋದ ವಾರ ಫೋನ್ ಮಾಡಿದ್ದರು. ಕ್ಷಮಾಪಣೆ ಬರೆದುಕೊಟ್ಟರೆ ಆರೂ ಜನಕ್ಕೆ ಸೋಪಿನ ಸರ್ವೆ ಕೊಡುತ್ತಾರಂತೆ. ಎಲ್ಲರನ್ನೂ ಕೇಳಿದೆ. ಮೇಘನ ಈಗ ವೇಮಗಲ್ಲಿನ ಫ್ಯಾಕ್ಟರಿಗೆ ಹೋಗುತ್ತಿದ್ದಾಳೆ. ಶಿಫ್ಟಿನ ನಡುವೆ ಫೋನ್ ಎತ್ತಿ, "ಯಾವ ತಪ್ಪಿಗೆ ಅಂತ ಬರೀಬೇಕಕ್ಕಾ? ಅದನ್ನ ಅವರೇ ಬರ್ದು ಕಳಿಸ್ಲಿ, ನೋಡೋಣ" ಎಂದಳು. ಬರೆದುಕೊಡುವುದಿಲ್ಲ ಎಂದು ತಿಳಿಸಿದ್ದೇನೆ.

ನಿಮ್ಮ ಕೆಲಸಕ್ಕೆ ನಾವು ಬರುತ್ತೇವೆ. ಮೇಘನಳೂ ರಜೆ ಹಾಕಿ ಬರುತ್ತಾಳೆ. ಆದರೆ ಈ ಸಲ ನಾವು ಸುಮ್ಮನೆ ಕಾರ್ಡು ಹಿಡಿದು ತಿರುಗುವುದಿಲ್ಲ. ಯಲ್ದೂರಿನ ಒಂದು ಮನೆಯನ್ನೂ ಕೇಳಕೂಡದು. ನಮ್ಮ ಊರು ಇಲ್ಲದೆಯೇ ಉಳಿದ ಊರುಗಳು ಏನು ಹೇಳುತ್ತವೆಂದು ಕಂಪನಿ ಕೇಳಲಿ. ಹೊಸ ಲೆಕ್ಕದಲ್ಲಿ ಜನ ಕಂಪನಿಯ ಕೇಂದ್ರವೇ ಬೇಕು ಎಂದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಬರೆದು ಕೊಡುತ್ತೇನೆ. ಅಮ್ಮನ ಎದುರಿಗೇ ಈ ಮಾತು ಹೇಳಿದ್ದೇನೆ. ಅವಳೂ ಹೂಂ ಎಂದಳು.

ಇನ್ನು ನಿಮ್ಮ ಪಾಲು. ವಿನ್ಯಾಸವನ್ನು ಪುಣೆಯಲ್ಲಿ ಕೂತು ಮಾಡಬೇಡಿ. ಇಲ್ಲಿಗೆ ಬನ್ನಿ. ಬೆಳಗಿನ ಐದು ಗಂಟೆಗೆ ಮುಳಬಾಗಿಲಿನ ಒಂದು ಕೊಟ್ಟಿಗೆ, ಸಂಜೆ ಮಾಲೂರಿನ ಒಂದು ಕೊಟ್ಟಿಗೆ, ಹದಿನೈದು ದಿನ ನಮ್ಮ ಜೊತೆ ತಿರುಗಿ. ಕಾರ್ಡಿನ ಮೇಲೆ ಏನಿರಬೇಕು ಎಂದು ಮೊದಲು ಆ ಹೆಂಗಸರು ಹೇಳಲಿ. ಅದರಲ್ಲಿ ಎಷ್ಟು ಜೋಡಿ ಹೆಕ್ಕಬೇಕು ಎಂಬುದು ನಿಮ್ಮ ವಿದ್ಯೆ, ಅದಕ್ಕೆ ನಾವು ಕೈ ಹಾಕುವುದಿಲ್ಲ.

ಡಿಸೆಂಬರ್ ಮೊದಲ ವಾರ ರಾಗಿ ಕಟಾವು ಮುಗಿದಿರುತ್ತದೆ, ಆಗ ಬನ್ನಿ. ಖಾಲಿ ಕಾಗದ ಎಷ್ಟು ಬೇಕಾದರೂ ತನ್ನಿ. ಅಚ್ಚಾದ ಒಂದು ಕಾರ್ಡು ಚೀಲದಲ್ಲಿ ಕಂಡರೂ ಕೋಲಾರದ ಬಸ್ ಸ್ಟ್ಯಾಂಡಿನಿಂದಲೇ ವಾಪಸ್ ಕಳಿಸುತ್ತೇವೆ.

ಧನಶ್ರೀ